ಕೊಟ್ಟಿಗೆಯಲ್ಲಿ ನಿನ್ನ ಪಾರ್ಟು

ಅಕ್ಕಿಹೆಬ್ಬಾಳು,
೧೯ ಜನವರಿ ೨೦೨೫, ಭಾನುವಾರ ಸಂಜೆ

ಪ್ರೀತಿಯ ಪ್ರಮೀಳಾ,

ಮದುವೆಯಾದ ಮೇಲೆ ನಿನ್ನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರುವುದು ರೇಷನ್ ಕಾರ್ಡಿನ ಕಚೇರಿಯಲ್ಲಿ ಮಾತ್ರ. ಅದಕ್ಕೇ ಮೇಲಿನ ಸಾಲು ಬರೆದ ಕೂಡಲೇ ಯಾರಾದರೂ ನೋಡಿದರೇ ಎಂದು, ಒಬ್ಬನೇ ಕೂತು ಬರೆಯಲು ಬಂದಿರುವ ಈ ರೈಲ್ವೆ ಪ್ಲಾಟ್‌ಫಾರಮ್ಮಿನ ಎರಡೂ ತುದಿಗೆ ಕಣ್ಣು ಹಾಯಿಸಿದೆ. ಒಂದು ನಾಯಿ ಮಲಗಿದೆ, ಅದು ಯಾರಿಗೂ ಹೇಳುವ ಪೈಕಿಯಲ್ಲ. ನೀನು ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಅತ್ತೆಯವರ ಸೊಂಟ ಹೇಗಿದೆ? ಬಚ್ಚಲಲ್ಲಿ ಜಾರಿಬಿದ್ದ ಮೇಲೂ ‘ಬಚ್ಲು ಸರಿಯಾಗೇ ಅದೆ, ನನ್ ಕಾಲೇ ಸರಿಗಿಲ್ಲ’ ಎಂದು ಬಚ್ಚಲಿನ ಪರ ವಕಾಲತ್ತು ವಹಿಸಿದ ಆ ದೊಡ್ಡ ಮನಸ್ಸಿಗೆ ನನ್ನ ನಮಸ್ಕಾರ ತಿಳಿಸು. ಈಗ ಕೋಲೂರಿಕೊಂಡು ಜಗುಲಿವರೆಗೂ ಬರುತ್ತಾರೆ ಎಂದು ಇವತ್ತು ಮನೆಗೆ ಬಂದಿರುವ ನಿನ್ನ ತಮ್ಮ ಸಂತೋಷ್ ಹೇಳಿದ. ಶಿವರಾತ್ರಿ ಕಳೆಯುವವರೆಗೂ ಮಗಳು ಇಲ್ಲೇ ಇರಲಿ ಅನ್ನುತ್ತಿದ್ದಾರೆ ಎಂದೂ ಹೇಳಿದ. ಇರಲಿ, ಆ ವಿಚಾರ ಆಮೇಲೆ.

ಕೈಯಲ್ಲಿ ಮೊಬೈಲಿರುವಾಗ ಕಾಗದ ಯಾಕೆ ಎಂದು ಕೇಳುತ್ತೀಯೆ. ನಾನು ಫೋನು ಮಾಡಿದ ತಕ್ಷಣ ಅತ್ತೆ ‘ಸ್ಪೀಕ್ರಿಗಾಕವ್ವ, ಅಳಿಮಯ್ಯ ಏನಂದದು ಕೇಳಾನ’ ಅನ್ನುತ್ತಾರೆ, ನೀನೂ ಹಾಕಿಬಿಡುತ್ತೀಯೆ. ಅಲ್ಲಿಂದಾಚೆಗೆ ನಾನು ಮಾತಾಡುವುದು ಹೆಂಡತಿಯ ಹತ್ತಿರವಲ್ಲ, ಚಿನಕುರಳಿಯ ಸಮಸ್ತ ನಾಗರಿಕರ ಹತ್ತಿರ. ‘ಇಲ್ಲಿ ಎಲ್ಲ ಚೆನ್ನಾಗಿದೆ’ ಎಂಬ ಒಂದು ಮಾತು ಬಿಟ್ಟರೆ ಸಭೆಗೆ ಒಪ್ಪುವ ಇನ್ನೊಂದು ಮಾತು ನನಗೆ ಹೊಳೆಯುವುದಿಲ್ಲ. ಇಲ್ಲಿ ಎಲ್ಲ ಚೆನ್ನಾಗಿಲ್ಲ. ನೀನು ಹೋದ ಮಾರನೇ ದಿನದಿಂದಲೇ ನಮ್ಮ ಬೆಳ್ಳಿ ನನಗೆ ಹಾಲು ಕೊಡುವುದಿಲ್ಲ ಅಂದುಬಿಟ್ಟಳು.

ನಾನೇನೂ ಕಡಿಮೆ ಮಾಡಲಿಲ್ಲ. ಹಿಂಡಿ ಕಲಸಿಟ್ಟೆ, ಬಿಸಿನೀರಲ್ಲಿ ಕೆಚ್ಚಲು ತೊಳೆದೆ, ಕರು ಬಿಟ್ಟೆ. ಬೆಳ್ಳಿ ಒಂದು ಸಲ ಕತ್ತು ತಿರುಗಿಸಿದಳು. ಗುರುತಿನ ಚೀಟಿ ತರದೆ ಬಂದವನನ್ನು ಗುಮಾಸ್ತ ನೋಡುವ ಹಾಗೆ ನನ್ನನ್ನು ನೋಡಿ, ಇದ್ದ ಹಾಲನ್ನೆಲ್ಲ ಮೇಲಕ್ಕೆ ಎಳೆದುಕೊಂಡಳು. ಡೈರಿಯಲ್ಲಿ ನನ್ನ ಕ್ಯಾನು ಅಲುಗಾಡಿಸಿ ನೋಡಿದ ಶಿವಲಿಂಗಯ್ಯ ‘ಏನ್ಲಾ ತಿಮ್ಮರಾಜ, ಅಸ ಮಾರ್ಬುಟ್ಟು ಮೇಕೆ ಕಟ್ಟಿದ್ದೀಯೇನ್ಲಾ?’ ಎಂದು ಸಾಲಲ್ಲಿ ನಿಂತವರನ್ನೆಲ್ಲ ನಗಿಸಿದ. ಕೊನೆಗೆ ದಾರಿ ತೋರಿದವಳು ಪಕ್ಕದ ಮನೆ ಮಾದಮ್ಮ. ‘ಅದ್ಕೆ ಬೇಕಾಗಿರೋದು ನೀನಲ್ಲ ಕಣಪ್ಪ. ಅವುಳ್ ಸೀರೆ ಸುತ್ಕಂಡು ಕೂತ್ಕೊ. ಮೀಸೆ ಮಾತ್ರ ಕಾಣ್ದಂಗೆ ನೋಡ್ಕೊ’ ಅಂದಳು.

ಇಂಥ ಮಹಾರಾಣಿಯ ದರ್ಶನಕ್ಕೆ ಹೋಗುವಾಗ ಉಡುಪು ಹಗುರಾಗಿರಬಾರದು ಎಂದು ಬೀರು ತೆಗೆದು ನಿನ್ನ ತಮ್ಮನ ಮದುವೆಯ ರೇಷ್ಮೆ ಸೀರೆಯನ್ನೇ ಹೊದ್ದು ಕೂತೆ. ನುಸಿಗುಳಿಗೆಯ ವಾಸನೆಗೆ ಬೆಳ್ಳಿ ಒಂದು ಸೀನು ಸೀನಿ, ಒಂದೇ ಒದೆತಕ್ಕೆ ಬಕೆಟ್ಟನ್ನು ತಿಪ್ಪೆಗೆ ಕಳಿಸಿದಳು. ಹಲ್ಲುಜ್ಜುತ್ತಾ ಬಂದ ನಿನ್ನ ಮಗಳು ರಂಜಿತ, ‘ಅಪ್ಪೋ, ಅವ್ವ ಯಾವತ್ತಪ್ಪ ಅಸಿನ್ ಮುಂದೆ ರೇಷ್ಮೆ ಉಟ್ಕಂಡು ಕೂತಿದ್ಲು?’ ಎಂದು ನಕ್ಕು ನಕ್ಕು ನೊರೆಯನ್ನೆಲ್ಲ ನನ್ನ ಮೇಲೆ ಉಗುಳಿದಳು. ಆಮೇಲೆ ಅವಳೇ ಕೊಟ್ಟಿಗೆಯ ಗೂಟದಲ್ಲಿದ್ದ ಹಸಿರು ಸೀರೆ ತಂದು ನನ್ನ ತಲೆ ಮೇಲೆ ಹೊದಿಸಿದಳು. ಅದರಲ್ಲಿ ಸಗಣಿ, ರಾಗಿಹಿಟ್ಟು, ಒಲೆಯ ಹೊಗೆ, ಕೊಬ್ಬರಿ ಎಣ್ಣೆ ಎಲ್ಲ ಸೇರಿ ನೀನೇ ಇದ್ದೆ. ಬೆಳ್ಳಿ ಮೂಸಿದಳು, ಕಿವಿ ಸಡಿಲ ಬಿಟ್ಟಳು. ಆದರೂ ಹಾಲು ಇಳಿಸಲಿಲ್ಲ, ಏನನ್ನೋ ಕಾಯುತ್ತಾ ನಿಂತಳು. ‘ಮಾತಾಡಪ್ಪ, ಅವ್ವ ಸುಮ್ನೆ ಕೂತು ಆಲ್ ಕರೆಯಲ್ಲ’ ಅಂದಳು ರಂಜಿತ. ಏನು ಮಾತಾಡಲಿ ಎಂದೆ. ‘ಇನ್ನೇನು? ದಿನಾ ನಿನ್ ದೂರೇ ಏಳೋದು!’

ಹೀಗೆ, ವರ್ಷವರ್ಷವೂ ಊರಿನ ನಾಟಕದಲ್ಲಿ ಗದೆ ಹೊತ್ತು ಗರ್ಜಿಸುವ ನಿನ್ನ ಗಂಡನಿಗೆ ಈ ವಯಸ್ಸಿನಲ್ಲಿ ಹೆಣ್ಣು ಪಾರ್ಟು ಬಂತು. ರಂಜಿತ ಬೆಳ್ಳಿಯ ಆ ಮಗ್ಗುಲಲ್ಲಿ ನಿಂತು ಮಾತು ಎತ್ತಿಕೊಡುವುದು, ನಾನು ಈ ಮಗ್ಗುಲಲ್ಲಿ ಕೂತು ಸಣ್ಣ ದನಿಯಲ್ಲಿ ಒಪ್ಪಿಸುವುದು. ‘ಈವಯ್ಯಂಗೆ ಮನೆ ಅಂದ್ರೆ ಬಣ್ಣ ಅಚ್ಕೊಳೊ ರೂಮು ಕಣೆ ಬೆಳ್ಳಿ, ಬತ್ತಾನೆ, ಓಯ್ತಾನೆ.’ ಒಪ್ಪಿಸಿದೆ. ‘ಮೀಸೆ ಬೆಳ್ಳಗಾದ್ರೂ ಗದೆ ಆಸೆ ಓಗ್ನಿಲ್ಲ.’ ಅದನ್ನೂ ಒಪ್ಪಿಸಿದೆ. ‘ಸಾರಿಗುಪ್ಪಿಲ್ಲ ಅಂತ ಏಳಕೆ ಬಾಯಿ ಬತ್ತದೆ, ಚೆನ್ನಾಗದೆ ಅನ್ನಕೆ ಬರಲ್ಲ.’ ಇದನ್ನು ಹೇಳುತ್ತಿದ್ದ ಹಾಗೇ ಬಕೆಟ್ಟಿನಲ್ಲಿ ಚುರ್ರನೆ ಸದ್ದಾಯಿತು. ನನ್ನ ದಾಂಪತ್ಯದ ಮೇಲೆ ಬೆಳ್ಳಿಗೆ ಇಷ್ಟು ಖಚಿತ ಅಭಿಪ್ರಾಯವಿದೆ ಎಂದು ನನಗೆ ಗೊತ್ತಿರಲಿಲ್ಲ.

ನಗಬೇಡ, ಈಗ ನನಗೆ ಅದೇ ಒಂದು ಹವ್ಯಾಸವಾಗಿಬಿಟ್ಟಿದೆ. ಬೆಳಗಿನ ಹೊತ್ತು ಹೇಮಾವತಿಯಿಂದ ಎದ್ದ ಮಂಜು ಸೀದಾ ಕೊಟ್ಟಿಗೆಗೇ ಬಂದು ನಿಲ್ಲುತ್ತದೆ. ಹಸುವಿನ ಬೆಚ್ಚನೆ ಹೊಟ್ಟೆಗೆ ಹಣೆ ಆನಿಸಿ, ನಿನ್ನ ಸೆರಗಿನೊಳಗೆ ಕಣ್ಣು ಮುಚ್ಚಿ ನನ್ನನ್ನು ನಾನೇ ಬಯ್ಯುತ್ತಾ ಕೂತರೆ, ಕೂತಿರುವವನು ನಾನೋ ನೀನೋ ತಿಳಿಯುವುದಿಲ್ಲ. ಆ ತಿಮ್ಮರಾಜು ಯಾರೋ ದೂರದವನಂತೆ, ಮಂಜಿನಾಚೆ ಗದೆ ಹೊತ್ತು ನಡೆದು ಹೋಗುತ್ತಿರುವಂತೆ ಕಾಣುತ್ತಾನೆ. ಮನುಷ್ಯ ಕೆಟ್ಟವನಲ್ಲ, ಆದರೆ ಹಿಂತಿರುಗಿ ನೋಡುವುದಿಲ್ಲ. ಮೊನ್ನೆ ಸಂಜೆ ದೂರುಗಳೆಲ್ಲ ಮುಗಿದ ಮೇಲೆ ರಂಜಿತ, ‘ಇನ್ನೊಂದದೆ, ಸಂಜೆ ಮಾತ್ರ ಏಳ್ತಾಳೆ’ ಎಂದು ನಿನ್ನ ದನಿಯಲ್ಲೇ ಹೇಳಿದಳು: ‘ಅವ್ರ್ ಗಾಡಿ ಸದ್ದು ಕೇಳ್ತಾ, ಬೆಳ್ಳಿ?’ ಬೆಳ್ಳಿ ಕಿವಿ ಎತ್ತಿದರೆ ನೀನು ಒಳಗೆ ಹೋಗಿ ಕಾಫಿಗೆ ಇಡುತ್ತೀಯಂತೆ. ನಾನು ಬಂದಾಗಲೆಲ್ಲ ಕಾಫಿ ಬಿಸಿಯಾಗಿರುವುದು ನನ್ನ ಅದೃಷ್ಟ ಎಂದುಕೊಂಡಿದ್ದೆ. ಆ ಒಂದು ಮಾತನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ರಂಜಿತ ಎರಡು ಸಲ ಎತ್ತಿಕೊಟ್ಟಳು, ನಾನು ಪಾರ್ಟು ಮರೆತವನ ಹಾಗೆ ನಿನ್ನ ಸೆರಗನ್ನು ಮುಖದ ಮೇಲೆ ಇನ್ನಷ್ಟು ಎಳೆದುಕೊಂಡೆ.

ಈಗ ಪ್ಯಾಸೆಂಜರ್ ಗಾಡಿ ಬಂದು ಹೋಯಿತು. ಕಿಟಕಿಯಲ್ಲಿ ಒಂದು ಹಸಿರು ಸೀರೆ ಕಂಡು ಬೆಂಚು ಬಿಟ್ಟು ಎದ್ದು ನಿಂತೆ. ಚಿನಕುರಳಿಯಿಂದ ಇಲ್ಲಿಗೆ ರೈಲಿಲ್ಲ ಎಂದು ನನಗೆ ಗೊತ್ತಿದೆ, ನನ್ನ ಕಾಲಿಗೆ ಗೊತ್ತಿಲ್ಲ. ಆಕೆ ‘ಇದ್ಯಾವೂರಣ್ಣ?’ ಎಂದು ಕೇಳಿದಳು. ಊರಿನ ಹೆಸರನ್ನು ಇಳಿದು ಬನ್ನಿ ಅನ್ನುವ ಹಾಗೆ ಹೇಳಿದೆ. ಗಾಡಿ ಹೋದ ಮೇಲೆ ಕಂಬಿಗಳು ಇನ್ನೂ ಸ್ವಲ್ಪ ಹೊತ್ತು ಗುನುಗುತ್ತಿದ್ದವು.

ನೀನು ಏನೂ ಆತುರ ಮಾಡಬೇಡ. ಹೆತ್ತ ತಾಯಿಯ ಸೇವೆ, ಶಿವರಾತ್ರಿ ಮುಗಿಸಿಕೊಂಡೇ ಬಾ. ನಾವು ಇಬ್ಬರೂ ಗಟ್ಟಿಯಾಗಿದ್ದೇವೆ, ರಂಜಿತಳ ಮುದ್ದೆ ನಮಗಿಂತಲೂ ಗಟ್ಟಿಯಾಗಿದೆ. ಅವರೆಕಾಯಿ ಮೂಟೆ ಕಳಿಸಿದ್ದೇನೆ. ಅತ್ತೆಯವರ ಕಾಲಿಗೆ ನನ್ನ ಪರವಾಗಿ ಬೀಳು. ಸೊಂಟ ತಾಗದ ಹಾಗೆ ಬೀಳು. ನಿನಗೆ ದೇವರು ಒಳ್ಳೆಯ ನಿದ್ದೆ, ಹೊತ್ತು ಹೊತ್ತಿಗೆ ಬಿಸಿ ಕಾಫಿ ಕೊಡಲಿ.

ಇಂತು ನಿನ್ನ ದೂರುಗಳ ನಾಯಕ,
ತಿಮ್ಮರಾಜು

ಮರೆತೆ: ಇದನ್ನು ಮನೆಯಲ್ಲಿ ಬರೆಯುತ್ತಿದ್ದೇನೆ, ಸಂತೋಷ್ ಬೈಕು ಚಾಲೂ ಮಾಡಿಕೊಂಡು ‘ಬಾವ, ಆಯ್ತಾ?’ ಎಂದು ಅವಸರ ಮಾಡುತ್ತಿದ್ದಾನೆ. ಭಾನುವಾರ ಅಂತ ರಂಜಿತ ಆ ಹಸಿರು ಸೀರೆಯನ್ನು ಪರಿಮಳದ ಸೋಪಿನಲ್ಲಿ ಒಗೆದು ಹಾಕಿದ್ದಾಳೆ. ಬೆಳ್ಳಿ ಮೂಸಿ ಮುಖ ತಿರುಗಿಸಿದಳು. ದೂರುಗಳನ್ನೆಲ್ಲ ಒಪ್ಪಿಸಿದೆ, ನಾನೇ ಹೊಸದಾಗಿ ಎರಡು ಸೇರಿಸಿದೆ, ನಿನ್ನ ಆ ಸಂಜೆಯ ಮಾತನ್ನೂ ಹೇಳಿದೆ. ಬೆಳ್ಳಿ ಹಾಲು ಇಳಿಸದೆ ಕಿವಿ ಎತ್ತಿ ಬಾಗಿಲ ಕಡೆ ನೋಡಿದಳು, ನಾನೂ ನೋಡಿದೆ. ಉಟ್ಟು ಬಿಟ್ಟ ಸೀರೆ ಇದ್ದರೆ ಮತ್ತೆ ಬರುವಾಗ ಸಂತೋಷನ ಕೈಯಲ್ಲೇ ಕಳಿಸು, ಒಗೆಯಬೇಡ. ಎರಡು ಕಳಿಸು. ಬೆಳ್ಳಿಗೆ ಒಂದು ಸಾಕು.