ಕೆನ್ನೆ ಕೊಡದವನು

ಸಾಲ್ತೋ
ಜೂನ್ 17, ಸೋಮವಾರ ಬೆಳಿಗ್ಗೆ

ಪ್ರೀತಿಯ ನಿಬಿಯಕ್ಕಾ,

ಇಲ್ಲ, ನೀನು ಫೋನಿನಲ್ಲಿ ಹೇಳಿದ ಹಾಗೆ ಅದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುವ ಕೆಲಸವಲ್ಲ. ಕಿತ್ತಳೆ ಆರಿಸುವ ಶೆಡ್ಡಿಗೆ ಹೋದ ಕೂಡಲೇ ಅಲ್ಲಿರುವ ಒಬ್ಬೊಬ್ಬರ ಕೆನ್ನೆಗೂ ಕೆನ್ನೆ ತಾಗಿಸಿ ಮುತ್ತು ಕೊಡಬೇಕು. ನಿನಗೆ ಅದು ನಮಸ್ಕಾರ. ನನಗೆ ಒಬ್ಬರ ಗಡ್ಡ, ಇನ್ನೊಬ್ಬರ ಸೆಂಟು, ಮತ್ತೊಬ್ಬರ ಒದ್ದೆ ಕೆನ್ನೆ, ಎಲ್ಲ ಮಧ್ಯಾಹ್ನದವರೆಗೂ ಮುಖದ ಮೇಲೇ ಕೂತಿರುತ್ತವೆ. ಆಮೇಲೆ ಹಣ್ಣು ಸಾಗುವ ಬೆಲ್ಟಿನ ಮುಂದೆ ನಿಂತು ಕೊಳೆತ ಹಣ್ಣು ಯಾವುದು, ಒಳ್ಳೆಯದು ಯಾವುದು ಎಂದು ನೋಡಲಿಕ್ಕೆ ತಲೆ ಎಲ್ಲಿ ಉಳಿಯುತ್ತದೆ?

ಜಗಳಕ್ಕೆ ಮೊದಲು ಕೇಳಬೇಕಿತ್ತು, ನಿನ್ನ ಸೊಂಟ ಹೇಗಿದೆ? ಮೊಂತೆವಿದೇವೊದ ಈ ಜೂನ್ ಚಳಿಗಾಲಕ್ಕೆ ನೋವು ಹೆಚ್ಚಾಗಿರಬೇಕು. ನಿನ್ನ ಕೆಲಸದ ಹೋಟೆಲಿನಲ್ಲಿ ಹಾಸಿಗೆ ಎತ್ತುವಾಗ ಜೊತೆಗೆ ಯಾರನ್ನಾದರೂ ಕರೆದುಕೋ. ಫೋನ್ ಮಾಡದೆ ಬರೆಯುತ್ತಿರುವುದೇಕೆಂದರೆ, ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ.

ಹೋದ ವಾರ ನಮ್ಮ ಶೆಡ್ಡಿನ ಹಿರಿಯ ಹೆಂಗಸು ದೋನ್ಯಾ ಇರ್ಮಾ ಕೆನ್ನೆ ಮುಂದೆ ಮಾಡಿಕೊಂಡು ಬಂದಾಗ ನಾನು ಹಿಂದೆ ಸರಿದೆ. ಆಕೆ ಎಲ್ಲರ ಎದುರಿಗೇ "ನಾನೇನು ನಾರ್ತೀನೇನೋ ಹುಡುಗಾ? ಸ್ನಾನ ಮಾಡ್ಕೊಂಡೇ ಬರ್ತೀನಿ ಕಣೋ" ಎಂದರು. ಕಣ್ಣಲ್ಲಿ ನೀರಿತ್ತು. ಅದಕ್ಕೇ ಊಟದ ಹೊತ್ತಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ನನಗೆ ಆಟಿಸಂ ಇದೆ, ನಿಮ್ಮ ಯಾರ ಮೇಲೂ ಸಿಟ್ಟಿಲ್ಲ, ಬೆಳಿಗ್ಗೆ ನನ್ನ ಕ್ರೇಟನ್ನು ಎರಡು ಸಲ ತಟ್ಟುತ್ತೇನೆ, ಅದೇ ನನ್ನ ಮುತ್ತು ಅಂದುಕೊಳ್ಳಿ, ರೇಡಿಯೋವನ್ನು ನನ್ನ ಬೆಲ್ಟಿನಿಂದ ಸ್ವಲ್ಪ ದೂರ ಇಡಿ. ಇಷ್ಟೇ. ನೀನು ಮ್ಯಾನೇಜರ್ ಕಾರ್ದೊಸೊಗೆ "ಹುಡುಗನಿಗೆ ಸ್ವಲ್ಪ ನಾಚಿಕೆ" ಎಂದು ಹೇಳಿ ಈ ಕೆಲಸ ಕೊಡಿಸಿದ್ದೆ. ಆ ಸುಳ್ಳನ್ನು ಹೊತ್ತು ತಿರುಗಿ ಸಾಕಾಗಿತ್ತು.

ಬೆಲ್ಟಿನಲ್ಲಿ ನನ್ನ ಜೊತೆ ನಿಲ್ಲುವ ಹೆಬೆರ್ ಸುಮ್ಮನಿರುತ್ತಾನೆಯೇ? "ಹಾಗಾದ್ರೆ ನಾಳೆ ಮದ್ವೆ ಆದ್ಮೇಲೆ ಹೆಂಡ್ತೀನೂ ಮಂಚ ತಟ್ಟಿ ಎಬ್ಬಿಸ್ತೀಯೇನಯ್ಯಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಮೊದಲು ಕ್ರೇಟು ತಟ್ಟಿದವನು ಅವನೇ. ನಂತರ ಒಬ್ಬೊಬ್ಬರೇ ಶುರು ಮಾಡಿದರು, ಕೆಲವರು ತಮಾಷೆಗೆ, ಕೆಲವರು ನಿಜಕ್ಕೂ. ಇರ್ಮಾ ಮಾತ್ರ ಇಲ್ಲ. ಎಲ್ಲರೂ ಒಂದೇ ಸೋರೆಬುರುಡೆಯಿಂದ ಹೀರುವ ಮಾಟೆ ಚಹಾ ಸುತ್ತು ಬರುವಾಗ ನನ್ನನ್ನು ದಾಟಿಸಿ ಪಕ್ಕದವರಿಗೆ ಕೊಡುತ್ತಾರೆ. "ಕೆನ್ನೆ ಕೊಡದವನಿಗೆ ಚಹಾ ಯಾಕೆ" ಅಂತೆ. ಕಾರ್ದೊಸೊಗೆ ದೂರು ಕೊಟ್ಟವರೂ ಅವರೇ.

ಕಾರ್ದೊಸೊ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಿನ್ ಒಳ್ಳೇದಕ್ಕೇ ಹೇಳ್ತಿದೀನಿ ಮರಿ. ಹಿಂದಿನ ಗೇಟಿಂದ ಬಾ, ಡಬ್ಬ ಇಡೋ ರೂಮಲ್ಲಿ ಒಬ್ನೇ ಕೆಲಸ ಮಾಡ್ಕೋ. ಯಾರೂ ಮುಟ್ಟಲ್ಲ, ರೇಡಿಯೋನೂ ಇಲ್ಲ. ಯೋಚ್ನೆ ಮಾಡಿ ಸೋಮವಾರ ಹೇಳು" ಎಂದರು. ನಾನು ಕೇಳಿದ್ದು ರೇಡಿಯೋ ದೂರ ಇಡಿ ಎಂದು, ನನ್ನನ್ನು ದೂರ ಇಡಿ ಎಂದಲ್ಲ. ಹೆಬೆರನಿಗೆ ಮೊಣಕಾಲು ಹೋದಾಗ ಬೆಲ್ಟಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಟ್ಟರು. ಡಬ್ಬದ ರೂಮಿಗೆ ಹೋಗಿ ಕೂರು ಎಂದು ಯಾರೂ ಅನ್ನಲಿಲ್ಲ.

ನೀನು ಹೇಳಿದೆ, "ಎಲ್ಲರಿಗಿಂತ ಬೇಗ ಹಣ್ಣು ಆರ್ಸಿ ತೋರ್ಸು, ತಾನಾಗೇ ಸುಮ್ಮನಾಗ್ತಾರೆ" ಎಂದು. ನಾನು ಎಲ್ಲರಿಗಿಂತ ಬೇಗ ಅಲ್ಲ ಅಕ್ಕಾ. ನಿಧಾನವೂ ಅಲ್ಲ. ಹೆಬೆರನ ಹಾಗೆ, ಇರ್ಮಾ ಹಾಗೆ, ಸಾಧಾರಣ. ಒಂದು ಕುರ್ಚಿಗೆ ಹೆಬೆರ್ ಯಾವ ಪವಾಡವನ್ನೂ ಮಾಡಿ ತೋರಿಸಲಿಲ್ಲ. ನಾನೇಕೆ ಮಾಡಬೇಕು? ಹತ್ತನೇ ಕ್ಲಾಸಿಗೇ ಓದು ಬಿಟ್ಟವನಿಗೆ ಸಾಲ್ತೋದಲ್ಲಿ ಬೇರೆ ಕೆಲಸ ಸಿಗುವುದಿಲ್ಲ ಎಂದೂ ನೀನು ಹೇಳಿದೆ. ಗೊತ್ತು. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದೇನೆ.

ಪುಟ್ಟಿಗೆ ಮಾಮ ಕೇಳಿದ ಎಂದು ಹೇಳು. ಭಾವನಿಗೂ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ.

ನಿನ್ನ ತಮ್ಮ,
ಎಲ್ಬಿಯೋ

ಇನ್ನೊಂದು ಮಾತು: ಹಿಂದಿನ ಗೇಟಿಗೆ ಹೋಗುವುದಿಲ್ಲ. ಇವತ್ತು ಮುಂದಿನ ಗೇಟಿನಿಂದಲೇ ಹೋಗಿ ನನ್ನ ಬೆಲ್ಟಿನ ಮುಂದೆ ನಿಲ್ಲುತ್ತೇನೆ. ಹೊರಗೆ ಹಾಕುವುದಾದರೆ ಎಲ್ಲರ ಕಣ್ಣೆದುರಿಗೇ ಹಾಕಲಿ. ನೀನು ಕಾರ್ದೊಸೊಗೆ ಫೋನ್ ಮಾಡಿ ನನ್ನ ಪರವಾಗಿ ತಪ್ಪಾಯಿತು ಎನ್ನಬೇಡ. ತಪ್ಪಾಗಿಲ್ಲ. ಬಸ್ಸು ಬರುವ ಹೊತ್ತಾಯಿತು, ಬೂಟು ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ. ಇನ್ನು ಬಾಗಿಲು ಎಳೆದುಕೊಂಡು ಹೊರಡುತ್ತೇನೆ.