ನನ್ನ ಸಿನಿಮಾದ ದೆವ್ವಕ್ಕೆ

ಪ್ರೀತಿಯ ಪಂಪಮ್ಮತ್ತೆ,

ನಾವೆಲ್ಲ ಸೇರಿ ಮಾಡಿದ ದೆವ್ವದ ಸಿನಿಮಾ ಇವತ್ತು ಆದೋನಿಯಲ್ಲಿ ಬಿಡುಗಡೆಯಾಯಿತು. ಹತ್ತಿ ಗೋದಾಮಿನ ಕತ್ತಲೆಯಿಂದ ಕೂದಲು ಕೆದರಿಕೊಂಡು ನೀನು ಎದ್ದು ಬಂದಾಗ ಇಡೀ ಥಿಯೇಟರ್ ಚೀರಿ ಕಣ್ಣು ಮುಚ್ಚಿಕೊಂಡಿತು. ಶೂಟಿಂಗಿನಲ್ಲಿ ಅದೇ ಶಾಟಿಗೆ ನಗು ತಡೆಯಲಾರದೆ ನನ್ನನ್ನು ಎಷ್ಟು ಗೋಳಾಡಿಸಿದ್ದೆ ನೀನು!

"ದೆವ್ವ ಆಗಾಕ ನನ್ ಹೆಂಡ್ತೀನ ಸಿಕ್ಕಳೇನಲೇ ನಿನಗ?" ಎಂದು ಆಗ ನನ್ನ ಮೇಲೆ ರೇಗಿದ್ದ ಚಂದ್ರಣ್ಣ ಮಾವನೂ ಬಂದಿದ್ದ. ನೀನು ತೀರಿಕೊಂಡ ಮೇಲೆ ಅವನು ಮನೆಯಿಂದ ಹೊರಬಂದದ್ದು ಇದೇ ಮೊದಲು. ನಿನ್ನ ಮುಖ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡುತ್ತಿದ್ದ.

ಆಟ ಮುಗಿದು ಜನರೆಲ್ಲ ಹೊರಟರೂ ಮಾವ ಏಳಲಿಲ್ಲ.

"ನಡಿ ಮಾವ, ಸಿನಿಮಾ ಮುಗೀತು," ಎಂದೆ.

"ಮುಂದಿನ ಆಟದಾಗೂ ಆಕಿ ಬರ್ತಾಳಲ್ಲ?" ಎಂದ.

ನಾನು ಹೋಗಿ ಇನ್ನೆರಡು ಟಿಕೆಟ್ ತಂದೆ.

ನಿನ್ನ ವಾಗೀಶ