ಗುಜರಿ ಡಬ್ಬದ ಶಾಖ

ಮಾಲೀಕರಿಗೆ ಕೆಳಮನೆಯ ದರ್ಜಿಯ ನಮಸ್ಕಾರ.

ಶನಿವಾರದೊಳಗೆ ನನ್ನ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಬೇಕು, ಇಲ್ಲವೇ ಮನೆ ಬಿಡಬೇಕು ಎಂಬ ನಿಮ್ಮ ನೋಟಿಸು ತಲುಪಿತು.

ಈ ಚಳಿಗೆ ಇಡೀ ಬೀದಿಯ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿದೆಯಲ್ಲ. ಬೆಳಿಗ್ಗೆ ನಿಮ್ಮ ಮನೆಯವರು ಬಕೆಟ್ ಹಿಡಿದು ಕೆಳಗಿಳಿದು ಬಂದು, "ಅಯ್ಯೋ, ನಿಮ್ಮ ನಲ್ಲೀಲಿ ಮಾತ್ರ ನೀರು ಹೇಗ್ರೀ ಬರ್ತಿದೆ?" ಎಂದರು. ಪೈಪಿಗೆ ಒತ್ತಿ ಇಟ್ಟಿರುವ ನನ್ನ ಗುಜರಿ ಕಂಪ್ಯೂಟರನ್ನು ತೋರಿಸಿದೆ. ಚಳಿ ಏರಿದೊಡನೆ ತಾನಾಗಿಯೇ ದೊಡ್ಡ ದೊಡ್ಡ ಲೆಕ್ಕ ಮಾಡುತ್ತಾ ಬಿಸಿಯಾಗುವಂತೆ, ಮೂರು ವಾರ ತಿಣುಕಿ ಅದಕ್ಕೆ ಕಲಿಸಿದ್ದೇನೆ. ನಿಮ್ಮ ಪೈಪಿಗೂ ಒಂದನ್ನು ಕೂರಿಸಬೇಕಂತೆ, ಅವರ ಹುಕುಂ. ದಯವಿಟ್ಟು ಅಡುಗೆಮನೆಯಲ್ಲಿ ಒಂದು ಪ್ಲಗ್ ಖಾಲಿ ಮಾಡಿಕೊಡಿ.

ನಿಮ್ಮ ನೋಟಿಸನ್ನು ನನ್ನ ಪೈಪಿಗೆ ಸುತ್ತಿದ್ದೇನೆ. ಕಾಗದ ದಪ್ಪಗಿದೆ, ಶಾಖ ಚೆನ್ನಾಗಿ ಹಿಡಿಯುತ್ತದೆ.

ಶನಿವಾರದ ನಂತರವೂ ಇಲ್ಲೇ ಇರುವ,
ನಿಮ್ಮ ಬಾಡಿಗೆದಾರಳು